ಮಮ್ಮಿಗೂ ಪಹಣಿ ಬೇಕು: ಈಜಿಪ್ಟ್ ಪುರಾತನ ವಸ್ತುಗಳ ಕ್ಯುರೇಟರ್ ಆಗಲು ಸಮಗ್ರ ಮಾರ್ಗದರ್ಶಿ

ಈಜಿಪ್ಟ್ ವಿಭಾಗದ ಕ್ಯುರೇಟರ್, ಅಂದರೆ ಮ್ಯೂಸಿಯಂನಲ್ಲಿ ಆ ಸಂಗ್ರಹವನ್ನು ಅಧ್ಯಯನ ಮಾಡಿ ನೋಡಿಕೊಳ್ಳುವವರು, ಅಂದ ತಕ್ಷಣ ಚಿನ್ನದ ಮುಖವಾಡ, ಮರಳುಗಾಡು, ಟಾರ್ಚ್ ಹಿಡಿದು ಗೋರಿಗೆ ಇಳಿಯುವ ಹೀರೋ ನೆನಪಾದರೆ ಅದು ನಿಮ್ಮ ತಪ್ಪಲ್ಲ, ಸಿನಿಮಾದವರ ತಪ್ಪು. ನಿಜವಾದ ಕೆಲಸ ನಡೆಯುವುದು ಕಿಟಕಿಯೇ ಇಲ್ಲದ ಸ್ಟೋರ್ ರೂಮಿನಲ್ಲಿ. ಸಾಲು ಸಾಲು ಡ್ರಾಯರ್, ನೂರು ವರ್ಷದ ಹಿಂದೆ ಯಾರೋ ಗೀಚಿಟ್ಟ ರಿಜಿಸ್ಟರ್, ಒಂದು ಪೆನ್ಸಿಲ್, ಒಂದು ಲ್ಯಾಪ್‌ಟಾಪ್. ಎದುರಿಗೆ ಬೆರಳುದ್ದದ ನೀಲಿ ಗೊಂಬೆ. ಅದು ಎಲ್ಲಿ ಸಿಕ್ಕಿತು? ಯಾರು ತಂದರು? ಯಾರ ಕೈಯಿಂದ ಯಾರ ಕೈಗೆ ದಾಟಿತು? ಇಷ್ಟಕ್ಕೆ ಉತ್ತರ ಹುಡುಕುವುದರಲ್ಲೇ ವಾರ ಕಳೆದುಹೋಗುತ್ತದೆ.

ಊರಲ್ಲಿ ಎರಡು ಎಕರೆ ಜಮೀನು ಕೊಳ್ಳಬೇಕಾದರೆ ಏನು ಮಾಡುತ್ತೇವೆ? ಪಹಣಿ ತೆಗೆಸುತ್ತೇವೆ, ಇಸಿ ನೋಡುತ್ತೇವೆ, ಮೂಲಪತ್ರ ಕೇಳುತ್ತೇವೆ. ಮಣ್ಣು ಎಷ್ಟೇ ಚೆನ್ನಾಗಿರಲಿ, ಕಾಗದ ಸರಿ ಇಲ್ಲದಿದ್ದರೆ ಕೈ ಹಾಕಲ್ಲ ಅಲ್ವಾ? ಈ ಕೆಲಸವೂ ಅದೇ. ಮ್ಯೂಸಿಯಂನವರು ಇದನ್ನು ಪ್ರೊವೆನೆನ್ಸ್ ಎನ್ನುತ್ತಾರೆ. ನನಗೆ ಪಹಣಿ ಎಂದರೇ ಸರಿಯಾಗಿ ಅರ್ಥವಾಗುತ್ತದೆ, ಹಾಗಾಗಿ ಇಲ್ಲಿ ಆ ಪದವನ್ನೇ ಬಳಸುತ್ತೇನೆ.

ಕಾಗದ ಹುಡುಕುವುದು ಬೇಜಾರು ಅನ್ನಿಸುವವರು ಟೂರಿಸ್ಟ್ ಗೈಡ್ ಆಗಬಹುದು, ಲೇಖಕರಾಗಬಹುದು, ಅದೂ ಒಳ್ಳೆಯ ಬದುಕೇ. ಬೇಜಾರಾಗಲ್ಲ ಎನ್ನುವವರು ಮುಂದೆ ಓದಿ.

ಹೆಜ್ಜೆ 1: ಮೊದಲು ಹತ್ತಿರದ ಮಮ್ಮಿ ನೋಡಿ ಬನ್ನಿ

ಇದಕ್ಕೆ ಕೈರೋಗೆ ಟಿಕೆಟ್ ಮಾಡಿಸಬೇಕಾಗಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಹೈದರಾಬಾದ್. ಅಲ್ಲಿನ ಪಬ್ಲಿಕ್ ಗಾರ್ಡನ್ಸ್ ಒಳಗಿರುವ ತೆಲಂಗಾಣ ರಾಜ್ಯ ಮ್ಯೂಸಿಯಂನಲ್ಲಿ ಈಜಿಪ್ಟಿನ ಮಮ್ಮಿ ಇದೆ. ನಿಜಾಮರ ಮನೆತನದ ಮೂಲಕ ಬಂದದ್ದು. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲೊಂದಿದೆ. ವಡೋದರದಲ್ಲಿದೆ, ಲಖನೌದಲ್ಲಿದೆ. ಜೈಪುರದ ಆಲ್ಬರ್ಟ್ ಹಾಲ್‌ನಲ್ಲಿ ತುತು ಎಂಬ ಹೆಂಗಸಿನ ಮಮ್ಮಿ ಇದೆ. 2020ರ ಆಗಸ್ಟ್‌ನಲ್ಲಿ ಜೈಪುರದಲ್ಲಿ ಮಳೆ ಸುರಿದು ಮ್ಯೂಸಿಯಂ ಒಳಗೆ ನೀರು ನುಗ್ಗಿದಾಗ ಸಿಬ್ಬಂದಿ ಗಾಜಿನ ಪೆಟ್ಟಿಗೆ ಒಡೆದು ತುತುವನ್ನು ಹೊರಗೆತ್ತಿ ಉಳಿಸಿದರು. ಎರಡು ಸಾವಿರ ವರ್ಷ ಒಣ ಮರಳಿನಲ್ಲಿ ಉಳಿದ ದೇಹಕ್ಕೆ ಒಂದು ಮಧ್ಯಾಹ್ನದ ಮಳೆ ಸಾಕಾಗಿತ್ತು!

ನೋಡುವಾಗ ಫೋಟೊ ಆಮೇಲೆ ತೆಗೆಯಿರಿ. ಮೊದಲು ಲೇಬಲ್ ಓದಿ. ಹೆಸರು, ಕಾಲ ಬರೆದಿದ್ದಾರಾ? ಎಲ್ಲಿ ಅಗೆದಾಗ ಸಿಕ್ಕಿತು ಎಂದಿದೆಯಾ? ಯಾರಿಂದ ಬಂತು, ಯಾವ ವರ್ಷ? "ಇಂಥ ದೊರೆಯ ಮಗಳು" ಅಂತ ಬರೆದಿದ್ದರೆ ಆ ಮಾತಿಗೆ ಆಧಾರ ಏನು? ಒಂದು ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಬರೆದುಕೊಳ್ಳಿ. ಹೀಗೆ ನಾಲ್ಕು ಮ್ಯೂಸಿಯಂ ಸುತ್ತಿದರೆ ಪಹಣಿ ಎಲ್ಲೆಲ್ಲಿ ಹರಿದಿದೆ ಅನ್ನುವುದು ಕಣ್ಣಿಗೆ ಬೀಳಲು ಶುರುವಾಗುತ್ತದೆ.

ಹೆಜ್ಜೆ 2: ಭಾರತದಲ್ಲಿ ಏನು ಓದಬೇಕು

ಬಿಎಯಲ್ಲಿ ಇತಿಹಾಸ, ಪುರಾತತ್ವ, ಸಂಸ್ಕೃತ, ಕನ್ನಡ, ಯಾವುದಾದರೂ ನಡೆಯುತ್ತದೆ. ಎಂಜಿನಿಯರಿಂಗ್ ಮುಗಿಸಿ ಬಂದವರೂ ಇದ್ದಾರೆ, ಅವರಿಗೆ ಸ್ಕ್ಯಾನಿಂಗ್, ಡೇಟಾಬೇಸ್ ಕೆಲಸ ಸಲೀಸು. ನಂತರ ಎಂಎಗೆ ಎರಡು ದಾರಿ. ಪುರಾತತ್ವ ಬೇಕಾದರೆ ಪುಣೆಯ ಡೆಕ್ಕನ್ ಕಾಲೇಜು, ಅಥವಾ ಮೈಸೂರು ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ. ಮ್ಯೂಸಿಯಂ ಶಾಸ್ತ್ರ, ಅಂದರೆ ಮ್ಯೂಸಿಯಾಲಜಿ ಬೇಕಾದರೆ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ, ಕಲ್ಕತ್ತಾ ವಿಶ್ವವಿದ್ಯಾಲಯ, ನೋಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್. ಈಜಿಪ್ಟನ್ನೇ ಪೂರ್ತಿಯಾಗಿ ಓದಲು ಹೊರದೇಶಕ್ಕೆ ಹೋಗಲೇಬೇಕು, ಅದು ಮುಂದಿನ ಮಾತು.

ಓದುವಾಗಲೇ ಯಾವುದಾದರೂ ಮ್ಯೂಸಿಯಂನಲ್ಲಿ ವಾರಕ್ಕೆ ಒಂದು ದಿನವಾದರೂ ಕೆಲಸ ಮಾಡಿ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಇರಲಿ, ಮೈಸೂರಿನ ಜಯಲಕ್ಷ್ಮೀ ವಿಲಾಸದ ಜಾನಪದ ಮ್ಯೂಸಿಯಂ ಇರಲಿ, ನಿಮ್ಮ ಊರಿನ ಕಾಲೇಜಿನ ಒಂದು ಕೋಣೆಯ ಸಂಗ್ರಹವೇ ಇರಲಿ. ಅಲ್ಲಿ ಈಜಿಪ್ಟಿನ ವಸ್ತು ಇಲ್ಲವಲ್ಲ ಎಂದು ಕೊರಗಬೇಡಿ. ವೀರಗಲ್ಲಿಗೆ ನಂಬರ್ ಹಾಕಿ, ಅಳತೆ ತೆಗೆದು, ಪಡಿಯಚ್ಚು ತೆಗೆದು ಅಭ್ಯಾಸವಾದ ಕೈಗೆ ಈಜಿಪ್ಟಿನ ಕಲ್ಲುಫಲಕ ಹೊಸದೇನಲ್ಲ.

ಹೆಜ್ಜೆ 3: ಕಾಗುಣಿತ ಇಲ್ಲದ ಲಿಪಿ ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕಂದರೆ ಜಾಸ್ತಿ ಜನ ಕೈಚೆಲ್ಲುವುದು ಇಲ್ಲೇ.

ಮೊದಲು ಕಲಿಯುವುದು ಮಧ್ಯ ಈಜಿಪ್ಟಿಯನ್, ಅಂದರೆ ಪ್ರಾಚೀನ ಈಜಿಪ್ಟ್ ಭಾಷೆಯ ನಡುಗಾಲದ ರೂಪ, ಚಿತ್ರಲಿಪಿಯಲ್ಲಿ. ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೊನ್ 1822ರಲ್ಲಿ ಈ ಲಿಪಿಯ ಗುಟ್ಟು ಬಿಡಿಸಿದ. ಅದಕ್ಕೆ ನೆರವಾದ, ಒಂದೇ ಶಾಸನವನ್ನು ಮೂರು ಲಿಪಿಗಳಲ್ಲಿ ಕೆತ್ತಿದ ರೊಸೆಟ್ಟಾ ಕಲ್ಲು 1799ರಲ್ಲಿ ಸಿಕ್ಕಿತ್ತು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಅದರ ನಂಬರ್ ಇಎ 24. ಅಷ್ಟು ಪ್ರಸಿದ್ಧ ಕಲ್ಲಿಗೂ ಸ್ಟೋರಿನ ಲೆಕ್ಕದಲ್ಲಿ ಬರೀ ಒಂದು ನಂಬರ್, ನೋಡಿ.

ಕನ್ನಡಿಗರಿಗೆ ಶುರುವಿನಲ್ಲೇ ಕಸಿವಿಸಿ ಆಗುವುದು ಸ್ವರಗಳ ವಿಷಯದಲ್ಲಿ. ನಮ್ಮಲ್ಲಿ ಕ, ಕಾ, ಕಿ, ಕೀ ಎಂದು ಕಾಗುಣಿತ ಇದೆ. ಅವರು ಸ್ವರ ಬರೆಯುತ್ತಲೇ ಇರಲಿಲ್ಲ. ನ್-ಫ್-ರ್ ಎಂದಷ್ಟೇ ಬರೆದಿರುತ್ತಾರೆ, ನಾವು ಬಾಯಿಗೆ ಬರಲಿ ಅಂತ ನಡುವೆ ಎ ಸೇರಿಸಿ ನೆಫೆರ್ ಎನ್ನುತ್ತೇವೆ. ಓದುವ ದಿಕ್ಕೂ ಬದಲಾಗುತ್ತಿರುತ್ತದೆ. ಹಕ್ಕಿ, ಮನುಷ್ಯರ ಮುಖ ಯಾವ ಕಡೆ ತಿರುಗಿದೆ ನೋಡಿ, ಆ ಕಡೆಯಿಂದ ಓದಲು ಶುರುಮಾಡಿ. ಇಷ್ಟು ಗೊತ್ತಾದರೆ ಅರ್ಧ ಭಯ ಹೋಯಿತು.

ಮೊದಲ ತಿಂಗಳಲ್ಲಿ ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿ: ಹೆತೆಪ್ ದಿ ನೆಸು. "ದೊರೆ ಕೊಡುವ ಎಡೆ" ಎಂದು ಅರ್ಥ. ಸತ್ತವರಿಗೆ ಎಡೆ ಇಡುವ ಮಂತ್ರದ ಮೊದಲ ಸಾಲು ಇದು. ಮುಂದೆ ಒಸಿರಿಸ್ ದೇವರ ಹೆಸರು ಬರುತ್ತದೆ, ಆಮೇಲೆ ರೊಟ್ಟಿ, ಬಿಯರ್, ಎತ್ತು, ಹಕ್ಕಿ, ನಾರುಬಟ್ಟೆ ಅಂತ ಪಟ್ಟಿ, ಕೊನೆಗೆ ಯಾರ ಆತ್ಮಕ್ಕೆ ಅನ್ನುವ ಹೆಸರು. ಬರೆಯುವಾಗ ಮಾತ್ರ ಪದಗಳ ಜಾಗ ಅದಲು ಬದಲು. ಉಚ್ಚಾರದಲ್ಲಿ ಕೊನೆಗೆ ಬರುವ ನೆಸು, ಅಂದರೆ ದೊರೆ, ಕಲ್ಲಿನ ಮೇಲೆ ಮೊದಲು ಬರುತ್ತಾನೆ. ಜೊಂಡುಹುಲ್ಲಿನ ಗಿಡ ಮೊದಲು, ನಂತರ ಚಾಪೆಯ ಮೇಲಿಟ್ಟ ರೊಟ್ಟಿ, ಆಮೇಲೆ ಮೊನಚಾದ ರೊಟ್ಟಿ. ದೇವರಿಗೂ ದೊರೆಗೂ ಕೊಡುವ ಮರ್ಯಾದೆ ಅದು. ತುತಾಂಖಾಮುನ್ ಎಂಬ ದೊರೆಯ ಹೆಸರಿನ ಸುತ್ತ ಎಳೆದ ಉಂಗುರದಂಥ ಗೆರೆಯೊಳಗೂ ಅಮುನ್ ದೇವರೇ ಮೊದಲು ಕೂತಿರುತ್ತಾನೆ. ಸ್ವಸ್ತಿ ಶ್ರೀ ಎಂದು ಶುರುವಾಗುವ ನಮ್ಮ ಶಾಸನಗಳನ್ನು ಓದಿದವರಿಗೆ ಇಂಥ ಸಿದ್ಧ ಸಾಲುಗಳ ಬೆಲೆ ಗೊತ್ತು. ಒಂದು ಸಾಲು ಗುರುತಾದರೆ ಅರ್ಧ ಕಲ್ಲು ತಾನೇ ಓದಿಸಿಕೊಳ್ಳುತ್ತದೆ.

ಈ ಎಡೆಯ ಮಂತ್ರ ಶವಪೆಟ್ಟಿಗೆ, ಕಲ್ಲುಫಲಕ, ಪ್ರತಿಮೆ, ಎಲ್ಲ ಕಡೆ ಇರುತ್ತದೆ. ಹಾಗಾಗಿ ಇದೊಂದು ಬಂದರೆ ಯಾವುದೇ ಈಜಿಪ್ಟ್ ಗ್ಯಾಲರಿಯಲ್ಲಿ ನೀವು ಏನಾದರೂ ಓದಬಲ್ಲಿರಿ.

ಜೊತೆಗೆ ಜರ್ಮನ್ ಮತ್ತು ಫ್ರೆಂಚ್ ಓದಲು ಬರಬೇಕು. ಮಾತಾಡಲು ಬಾರದಿದ್ದರೂ ನಡೆಯುತ್ತದೆ, ಓದಲು ಬರಲೇಬೇಕು, ಯಾಕಂದರೆ ಈ ವಿಷಯದ ದೊಡ್ಡ ನಿಘಂಟು, ಉತ್ಖನನದ ವರದಿಗಳು ಬಹಳಷ್ಟು ಆ ಭಾಷೆಗಳಲ್ಲಿವೆ. ಬೆಂಗಳೂರಿನಲ್ಲಿ ಮ್ಯಾಕ್ಸ್‌ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್ ಎರಡೂ ಇವೆ. ಪದವಿ ಓದುವಾಗಲೇ ಸೇರಿ. ಅರೇಬಿಕ್ ನಾಲ್ಕು ಮಾತು ಬಂದರೆ ಮುಂದೆ ಈಜಿಪ್ಟಿನ ಸಹೋದ್ಯೋಗಿಗಳ ಜೊತೆ ಸಲಿಗೆ ಬೆಳೆಯುತ್ತದೆ.

ಒಂದು ಅಡ್ಡಮಾತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ಗುಡ್ಡೆಗಳಲ್ಲಿ ಸಿಕ್ಕ ಪಪೈರಸ್‌ಗಳಲ್ಲಿ, ಅಂದರೆ ಜೊಂಡಿನಿಂದ ಮಾಡಿದ ಹಾಳೆಗಳಲ್ಲಿ, 413ನೇ ನಂಬರಿನದು ಒಂದು ಗ್ರೀಕ್ ಪ್ರಹಸನ. ಕ್ಯಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸಿಕ್ಕಿಹಾಕಿಕೊಂಡ ಕತೆ. ಅದರಲ್ಲಿ ಇಲ್ಲಿನ ಜನ ಆಡುವ ಮಾತು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ವಾದಿಸಿದರು, ನಮ್ಮ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಮುಂದುವರಿಸಿದರು. ತುಳು ಎನ್ನುವವರಿದ್ದಾರೆ. ಸುಮ್ನೆ ನಗಿಸಲು ಬರೆದ ಅರ್ಥವಿಲ್ಲದ ಸದ್ದು ಎನ್ನುವವರೂ ಇದ್ದಾರೆ. ನನಗೆ ಮೂರನೆಯವರ ಮಾತೇ ಸರಿ ಅನ್ನಿಸುತ್ತದೆ, ಬೈಯಬೇಡಿ. ಆದರೆ ಸಂದರ್ಶನದಲ್ಲಿ "ಕರ್ನಾಟಕದವರಿಗೆ ಈಜಿಪ್ಟ್ ಯಾಕೆ" ಎಂದು ಕೇಳಿದರೆ ಇದಕ್ಕಿಂತ ಒಳ್ಳೆ ಶುರು ಬೇಕಾ?

ಹೆಜ್ಜೆ 4: ಹೊರದೇಶದಲ್ಲಿ ಎಲ್ಲಿ

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಿವರ್‌ಪೂಲ್, ಲಂಡನ್ನಿನ ಯುಸಿಎಲ್. ವೇಲ್ಸಿನ ಸ್ವಾನ್‌ಸಿಯೂ ಇದೆ. ಯುಸಿಎಲ್ ಒಳಗೆ ಪೀಟ್ರಿ ಮ್ಯೂಸಿಯಂ, ಸುಮಾರು 80,000 ವಸ್ತು. ಸ್ವಾನ್‌ಸಿಯ ಕ್ಯಾಂಪಸ್ಸಿನಲ್ಲೇ ಈಜಿಪ್ಟ್ ಸೆಂಟರ್ ಎಂಬ ಮ್ಯೂಸಿಯಂ ಇದೆ. ಇಂಥ ಕಡೆ ಓದಿದರೆ ನಿಜವಾದ ವಸ್ತು ಕೈಗೆ ಸಿಗುತ್ತದೆ, ನನ್ನ ಪ್ರಕಾರ ಅದು ವಿಶ್ವವಿದ್ಯಾಲಯದ ಹೆಸರಿಗಿಂತ ದೊಡ್ಡದು. ಅಮೆರಿಕದಲ್ಲಿ ಷಿಕಾಗೊ, ಪೆನ್ಸಿಲ್ವೇನಿಯ, ಬ್ರೌನ್. ನೆದರ್‌ಲ್ಯಾಂಡ್ಸ್‌ನಲ್ಲಿ ಲೈಡನ್. ಈಜಿಪ್ಟಿನಲ್ಲೇ ಓದಬೇಕಾದರೆ ಕೈರೋದ ಅಮೆರಿಕನ್ ವಿಶ್ವವಿದ್ಯಾಲಯ.

ದುಡ್ಡಿನ ಮಾತು ಬಂದರೆ ಜರ್ಮನಿ ನೋಡಿ. ಬರ್ಲಿನ್, ಗಾಟಿಂಗನ್‌ನಂಥ ಕಡೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಹೈಡೆಲ್‌ಬರ್ಗ್, ಟ್ಯೂಬಿಂಗನ್ ಇರುವ ರಾಜ್ಯದಲ್ಲಿ ಮಾತ್ರ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ 2017ರಿಂದ ಶುರುವಾಯಿತು. ಪಾಠ ಜರ್ಮನ್‌ನಲ್ಲಿ ನಡೆಯುತ್ತದೆ, ಅದಕ್ಕೇ ಮೊದಲೇ ಭಾಷೆ ಕಲಿಯಿರಿ ಎಂದದ್ದು. ಅರ್ಜಿ ಹಾಕಬೇಕಾದ ವಿದ್ಯಾರ್ಥಿವೇತನಗಳು: ಜರ್ಮನಿಗೆ ಡಾಡ್, ಬ್ರಿಟನ್‌ಗೆ ಕಾಮನ್‌ವೆಲ್ತ್, ಚೀವ್ನಿಂಗ್, ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು, ಜೊತೆಗೆ ಇನ್‌ಲ್ಯಾಕ್ಸ್.

ಪಿಎಚ್‌ಡಿ ಬೇಕಾ? ದೊಡ್ಡ ಮ್ಯೂಸಿಯಂನ ಕ್ಯುರೇಟರ್ ಹುದ್ದೆಗೆ ಬೇಕು ಎಂದೇ ಇಟ್ಟುಕೊಳ್ಳಿ. ವಿಷಯ ಆರಿಸುವಾಗ ಪಿರಮಿಡ್ಡಿನ ಹಿಂದೆ ಹೋಗಬೇಡಿ. ಯಾವುದೋ ಒಂದು ಮ್ಯೂಸಿಯಂನಲ್ಲಿ ಯಾರೂ ಪ್ರಕಟಿಸದ ಶವಪೆಟ್ಟಿಗೆಗಳ ಗುಂಪು, ಅಥವಾ ತಾಯಿತಗಳ ಗುಂಪು ಹಿಡಿಯಿರಿ. ನಾಳೆ ಕೆಲಸ ಕೊಡುವವರು ನೋಡುವುದು ಅದನ್ನೇ.

ಹೆಜ್ಜೆ 5: ಕಣ್ಣು ಪಳಗಿಸಿ, ಒಂದು ಗೊಂಬೆಯಿಂದ

ಈ ಅಭ್ಯಾಸ ಇವತ್ತು ಸಂಜೆಯೇ ಶುರುಮಾಡಬಹುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ, ಪೀಟ್ರಿ ಮ್ಯೂಸಿಯಂ, ಎಲ್ಲರ ಸಂಗ್ರಹವೂ ಆನ್‌ಲೈನ್‌ನಲ್ಲಿ ಪುಕ್ಕಟೆ ಇದೆ. ಶಬ್ತಿ ಎಂದು ಹುಡುಕಿ. ಸತ್ತವರ ಜೊತೆ ಇಡುತ್ತಿದ್ದ ಆಳುಗೊಂಬೆ ಅದು. ಪರಲೋಕದಲ್ಲೂ ಗದ್ದೆಗೆ ನೀರು ಹಾಯಿಸುವ, ಮರಳು ಹೊರುವ ಬಿಟ್ಟಿಕೆಲಸ ಇರುತ್ತದೆ ಎಂಬ ನಂಬಿಕೆ. ಅಲ್ಲಿ ಕರೆ ಬಂದಾಗ ಯಜಮಾನನ ಬದಲು ಈ ಗೊಂಬೆ ಎದ್ದು "ಇಗೋ, ನಾನಿದ್ದೀನಿ" ಅನ್ನಬೇಕು. ಮೈಮೇಲೆ ಬರೆದ ಮಂತ್ರದಲ್ಲೇ ಈ ಮಾತಿದೆ. ಕೆಲವರ ಬಳಿ ವರ್ಷದ ದಿನಕ್ಕೊಂದರಂತೆ 365, ಮೇಲೆ ಅವರನ್ನು ನೋಡಿಕೊಳ್ಳಲು 36 ಮೇಸ್ತ್ರಿಗಳು. ಮೇಸ್ತ್ರಿ ಗೊಂಬೆಯ ಕೈಯಲ್ಲಿ ಗುದ್ದಲಿ ಇರಲ್ಲ, ಚಾಟಿ ಇರುತ್ತದೆ! ತುತಾಂಖಾಮುನ್ ಗೋರಿಯಲ್ಲಿ 413 ಸಿಕ್ಕವು.

ಈಗ ಚಿತ್ರ ಮಾತ್ರ ನೋಡಿ, ಕೆಳಗಿನ ವಿವರ ಕೈಯಿಂದ ಮುಚ್ಚಿ ನೀವೇ ಬರೆಯಿರಿ. ಯಾವುದರಿಂದ ಮಾಡಿದ್ದು? ಹೊಳೆಯುವ ನೀಲಿ ಇದ್ದರೆ ಫೈಯಾನ್ಸ್ ಇರಬಹುದು. ಅದು ಜೇಡಿಮಣ್ಣಲ್ಲ, ಬೆಣಚುಕಲ್ಲಿನ ಪುಡಿಯನ್ನು ಕಲಸಿ ಸುಟ್ಟದ್ದು. ಎತ್ತರ ಎಷ್ಟು ಸೆಂಟಿಮೀಟರ್? ಕೈ ಅಡ್ಡ ಕಟ್ಟಿದೆಯಾ? ಎರಡು ಗುದ್ದಲಿ ಇವೆಯಾ, ಬೆನ್ನಿಗೆ ಬೀಜದ ಚೀಲ ಇದೆಯಾ? ಬರಹ ನಿಂತ ಸಾಲಾ, ಅಡ್ಡ ಸಾಲಾ, ಎಷ್ಟು ಸಾಲು? ಪಾದ ಮುರಿದಿದೆಯಾ, ಮುರಿದದ್ದು ಹಳೆಯದಾ ಹೊಸದಾ? ಆಮೇಲೆ ಮ್ಯೂಸಿಯಂನವರು ಬರೆದದ್ದಕ್ಕೆ ಹೋಲಿಸಿ. ಮೊದಲ ಹತ್ತರಲ್ಲಿ ನಿಮಗೆ ಅವಮಾನ ಗ್ಯಾರಂಟಿ. ನೂರು ಮುಗಿಯುವ ಹೊತ್ತಿಗೆ ಇದು ಯಾವ ಕಾಲದ್ದು ಎಂಬ ಅಂದಾಜು ತಾನೇ ಬರುತ್ತದೆ. ಮಡಕೆಗಳಿಗೂ ಹೀಗೇ ಮಾಡಿ. ಪೀಟ್ರಿ ಮ್ಯೂಸಿಯಂಗೆ ಹೆಸರು ಕೊಟ್ಟ ಪುರಾತತ್ವಜ್ಞ ಫ್ಲಿಂಡರ್ಸ್ ಪೀಟ್ರಿ ಮಡಕೆಗಳ ಆಕಾರ ಹೇಗೆ ಬದಲಾಗುತ್ತಾ ಹೋಯಿತು ಅನ್ನುವುದನ್ನೇ ಹಿಡಿದು, ಯಾವ ಗೋರಿ ಮೊದಲು ಯಾವುದು ಆಮೇಲೆ ಎಂದು ಸಾಲಾಗಿ ಜೋಡಿಸಿದವರು.

ಹೆಜ್ಜೆ 6: ಸ್ಟೋರ್ ರೂಮಿನ ನಡವಳಿಕೆ

ಪೆನ್ ಒಳಗೆ ತರಬೇಡಿ, ಪೆನ್ಸಿಲ್ ಮಾತ್ರ. ಉಂಗುರ, ಕೊರಳಿನ ಐಡಿ ಕಾರ್ಡ್ ತೆಗೆದಿಡಿ. ಎರಡೂ ಕೈಯಲ್ಲಿ, ತಳಕ್ಕೆ ಆಧಾರ ಕೊಟ್ಟು ಎತ್ತಿ, ಹಿಡಿ ಇದೆ ಅಂತ ಹಿಡಿಯಿಂದ ಎತ್ತಬೇಡಿ. ಎತ್ತುವ ಮುಂಚೆ ಎಲ್ಲಿ ಇಡುತ್ತೀರಿ ಅನ್ನುವ ಜಾಗ ಖಾಲಿ ಮಾಡಿಕೊಂಡಿರಿ.

ಇದಕ್ಕಿಂತ ಕಷ್ಟದ್ದು ಗಾಳಿಯ ಲೆಕ್ಕ. ಕಂಚಿನ ವಿಗ್ರಹದೊಳಗೆ ಉಪ್ಪಿನಂಶ ಕೂತಿದ್ದರೆ ತೇವ ಸಿಕ್ಕಿದ ಕೂಡಲೇ ತಿಳಿಹಸಿರು ಪುಡಿ ಏಳುತ್ತದೆ, ಕಂಚಿನ ರೋಗ ಎನ್ನುತ್ತಾರೆ. ಅದಕ್ಕೆ ಗಾಳಿಯ ತೇವ 40 ಪರ್ಸೆಂಟಿನ ಕೆಳಗೇ ಇರಬೇಕು. ಬಣ್ಣ ಹಚ್ಚಿದ ಮರದ ಶವಪೆಟ್ಟಿಗೆಗೆ ಅಷ್ಟು ಒಣಗಾಳಿ ಆಗಲ್ಲ. ಮರ ಕುಗ್ಗುತ್ತದೆ, ಬಣ್ಣ ಸಿಪ್ಪೆಯ ಹಾಗೆ ಏಳುತ್ತದೆ. ಅದಕ್ಕೆ ಬೇಕಾದದ್ದು 50ರ ಆಸುಪಾಸು, ಅದೂ ಏರಿಳಿತ ಇಲ್ಲದೆ. ಅಂದರೆ ಒಂದೇ ಗೋರಿಯಿಂದ ಬಂದ ಕಂಚನ್ನೂ ಪೆಟ್ಟಿಗೆಯನ್ನೂ ಒಂದೇ ಗಾಜಿನ ಕಪಾಟಿನಲ್ಲಿ ಇಡುವುದೇ ತಲೆನೋವು. ಪಪೈರಸ್, ಬಟ್ಟೆಗೆ ಬೆಳಕು 50 ಲಕ್ಸ್ ದಾಟಬಾರದು. ಗ್ಯಾಲರಿ ಕತ್ತಲೆ ಎಂದು ಜನ ದೂರುತ್ತಾರಲ್ಲ, ಕಾರಣ ಇದು. ಕಪಾಟಿನ ಮರವೂ ಶತ್ರುವೇ. ಓಕ್ ಮರ ಬಿಡುವ ಆಮ್ಲದ ಆವಿ ಸೀಸವನ್ನು, ಸುಣ್ಣಕಲ್ಲನ್ನು ತಿನ್ನುತ್ತದೆ.

ರಿಪೇರಿ ನಿಮ್ಮ ಕೆಲಸ ಅಲ್ಲ, ಅದಕ್ಕೆ ಕನ್ಸರ್ವೇಟರ್ ಬೇರೆ ಇರುತ್ತಾರೆ. 2014ರಲ್ಲಿ ಕೈರೋದಲ್ಲಿ ತುತಾಂಖಾಮುನ್ ಚಿನ್ನದ ಮುಖವಾಡದ ಗಡ್ಡ ಕಳಚಿಕೊಂಡಾಗ ಎಪಾಕ್ಸಿ ಅಂಟು ಹಾಕಿ ಕೂರಿಸಿಬಿಟ್ಟರು. ಅದು ತೆಗೆಯಲು ಬರುವ ಅಂಟಲ್ಲ. ಆಮೇಲೆ ತಜ್ಞರು ಹುಷಾರಾಗಿ ಬಿಡಿಸಿ ಜೇನುಮೇಣದಿಂದ ಮತ್ತೆ ಕೂರಿಸಬೇಕಾಯಿತು. ಮುಂದೆ ಬಿಡಿಸಲು ಬರದಂಥದ್ದು ಯಾವುದನ್ನೂ ಮಾಡಬಾರದು ಎನ್ನುವುದು ಈ ಕಸುಬಿನ ಮೊದಲ ನಿಯಮ.

ನನ್ನ ತಪ್ಪೂ ಒಂದು ಹೇಳುತ್ತೇನೆ. ಶುರುವಿನ ದಿನಗಳಲ್ಲಿ ಒಂದು ಸಣ್ಣ ಸಂಗ್ರಹದಲ್ಲಿ ಎರಡು ತಾಯಿತಗಳನ್ನು ಫೋಟೊಗೆಂದು ಪಕ್ಕದ ಡ್ರಾಯರಿಗೆ ಹಾಕಿದೆ. ಡೇಟಾಬೇಸಿನಲ್ಲಿ ಜಾಗ ಬದಲಿಸುವುದು ನಾಳೆ ಮಾಡೋಣ ಎಂದುಕೊಂಡು ಮರೆತೆ. ಯಾರೋ ಸಂಶೋಧಕರು ಅವನ್ನು ನೋಡಲು ಬಂದ ದಿನ ತಾಯಿತ ಇಲ್ಲ. ಮೂರು ವಾರ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ನಾನೇ ಇಟ್ಟ ಜಾಗದಲ್ಲಿ, ಪಕ್ಕದಲ್ಲೇ. ಕಳುವಾಗಿಲ್ಲ, ಒಡೆದಿಲ್ಲ, ಆದರೂ ಆ ಮೂರು ವಾರ ಮೇಲಿನವರ ಮುಖ ನೋಡಲು ಆಗುತ್ತಿರಲಿಲ್ಲ. ವಸ್ತು ಕದಲಿದರೆ ಅದೇ ನಿಮಿಷ ದಾಖಲೆಯೂ ಕದಲಬೇಕು.

ಡ್ರಾಯರಿನಲ್ಲಿ ಏನಿದೆ ಅಂತ ಗೊತ್ತಿಲ್ಲದಿರುವುದು ಹೊಸದಲ್ಲ. ಪೀಟ್ರಿ 1913ರಲ್ಲಿ ತರ್ಖಾನ್ ಎಂಬಲ್ಲಿ ಅಗೆದು ತಂದ ಕೊಳಕು ಬಟ್ಟೆಯ ಗಂಟು ಲಂಡನ್ನಿನಲ್ಲಿ ಹಾಗೇ ಬಿದ್ದಿತ್ತು. 1977ರಲ್ಲಿ ಸ್ವಚ್ಛ ಮಾಡಲು ಕಳಿಸಿದಾಗ ಒಳಗೆ ನೆರಿಗೆ ಹಿಡಿದ ತೋಳಿನ ಒಂದು ಅಂಗಿ ಸಿಕ್ಕಿತು. ಕಾರ್ಬನ್ ಪರೀಕ್ಷೆ ಮಾಡಿದರೆ ಕ್ರಿ.ಪೂ. 3482 ಮತ್ತು 3102ರ ನಡುವಿನದು. ನೇಯ್ದ ಬಟ್ಟೆಯ ಉಡುಪುಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯದು ಎನ್ನುತ್ತಾರೆ. ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಅದು ಗಂಟಿನೊಳಗೇ ಇತ್ತು.

ಹೆಜ್ಜೆ 7: ಪಹಣಿ ಓದಲು ಕಲಿಯಿರಿ

ಇದೇ ನಿಜವಾದ ಕಸುಬು.

ಮೊದಲು ಹಿನ್ನೆಲೆ. 1882ರಲ್ಲಿ ಅಮೀಲಿಯಾ ಎಡ್ವರ್ಡ್ಸ್ ಮತ್ತು ಜೊತೆಯವರು ಲಂಡನ್ನಿನಲ್ಲಿ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಫಂಡ್ ಎಂಬ ಉತ್ಖನನ ಸಂಸ್ಥೆ ಕಟ್ಟಿದರು. ಆಗಿನ ಪದ್ಧತಿ ಹೇಗಿತ್ತೆಂದರೆ, ಅಗೆದಾಗ ಸಿಕ್ಕಿದ್ದರಲ್ಲಿ ಒಂದು ಪಾಲು ಕೈರೋಗೆ, ಒಂದು ಪಾಲು ಅಗೆದವರಿಗೆ. ಅವರು ಅದನ್ನು ಚಂದಾ ಕೊಟ್ಟ ಮ್ಯೂಸಿಯಂಗಳಿಗೆ ಹಂಚಿದರು. ಒಂದೇ ಗೋರಿಯ ಸಾಮಾನು ಹೀಗೆ ಹತ್ತು ಊರಿಗೆ ಚದುರಿತು, ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ. 1983ರ 117ನೇ ಕಾನೂನು ಬಂದ ಮೇಲೆ ಪುರಾತನ ವಸ್ತುಗಳ ವ್ಯಾಪಾರ ನಿಂತಿತು, ಎಲ್ಲವೂ ಈಜಿಪ್ಟ್ ಸರ್ಕಾರದ ಸ್ವತ್ತು. ಇನ್ನೊಂದು ನೆನಪಿಡಬೇಕಾದ ವರ್ಷ 1970, ಕದ್ದ ಸಾಂಸ್ಕೃತಿಕ ವಸ್ತುಗಳ ಸಾಗಣೆ ತಡೆಯುವ ಯುನೆಸ್ಕೊ ಒಪ್ಪಂದ. ಯಾರಾದರೂ ವಸ್ತು ಕೊಡುತ್ತೇವೆ ಎಂದು ಬಂದರೆ ಈ ಎರಡು ವರ್ಷಗಳಿಗೆ ಮುಂಚಿನ ಕಾಗದ ಇದೆಯಾ ಅನ್ನುವುದೇ ಮೊದಲ ಪ್ರಶ್ನೆ.

ಕಾಗದ ಇದ್ದ ಮಾತ್ರಕ್ಕೆ ನಂಬುವ ಹಾಗಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ನೆಜೆಮಾಂಖ್ ಎಂಬ ಪೂಜಾರಿಯ ಚಿನ್ನದ ಲೇಪದ ಶವಪೆಟ್ಟಿಗೆಯನ್ನು 35 ಲಕ್ಷ ಯೂರೊ ಕೊಟ್ಟು ಕೊಂಡಿತು. 1971ರ ರಫ್ತು ಪರವಾನಗಿ ಜೊತೆಗಿತ್ತು. ಅದು ನಕಲಿ. ಪೆಟ್ಟಿಗೆ ಈಜಿಪ್ಟಿನ 2011ರ ಗಲಭೆಯ ಸಮಯದಲ್ಲಿ ಕದ್ದದ್ದು. 2019ರಲ್ಲಿ ಈಜಿಪ್ಟಿಗೆ ವಾಪಸು ಕೊಡಬೇಕಾಯಿತು. ಇಂಥ ಕಾಗದ ಕೈಗೆ ಬಂದಾಗ ಮೊಹರು ನೋಡಿ. 1971ರ ಸೆಪ್ಟೆಂಬರ್‌ವರೆಗೆ ಆ ದೇಶದ ಹೆಸರು ಯುನೈಟೆಡ್ ಅರಬ್ ರಿಪಬ್ಲಿಕ್. ಆಮೇಲಷ್ಟೇ ಅರಬ್ ರಿಪಬ್ಲಿಕ್ ಆಫ್ ಈಜಿಪ್ಟ್. ಅದೇ ವರ್ಷದ ಮೇ ತಿಂಗಳ ತಾರೀಖಿನ ಕಾಗದದ ಮೇಲೆ ಹೊಸ ಹೆಸರಿನ ಮೊಹರು ಇದ್ದರೆ ಏನರ್ಥ? 1970ರ ಛಾಪಾ ಕಾಗದದ ಮೇಲೆ "ಕರ್ನಾಟಕ ಸರ್ಕಾರ" ಎಂದಿದ್ದರೆ ಏನರ್ಥವೋ ಅದೇ. ನಮ್ಮ ರಾಜ್ಯಕ್ಕೆ ಆ ಹೆಸರು ಬಂದದ್ದೇ 1973ರಲ್ಲಿ.

ಇನ್ನೊಂದು ಕತೆ ಇನ್ನೂ ಮಜಾ. ಇಂಗ್ಲೆಂಡಿನ ಬೋಲ್ಟನ್ ಮ್ಯೂಸಿಯಂ 2003ರಲ್ಲಿ ಅಮರ್ನಾ ಕಾಲದ (ಕ್ರಿ.ಪೂ. 14ನೇ ಶತಮಾನ) ರಾಜಕುಮಾರಿಯ ಮೂರ್ತಿ ಎಂದು ಸುಮಾರು 4,40,000 ಪೌಂಡ್ ಕೊಟ್ಟು ಒಂದನ್ನು ಕೊಂಡಿತು. ಅದನ್ನು ಕೆತ್ತಿದ್ದು ಅದೇ ಊರಿನ ಒಬ್ಬ, ಮನೆ ಹಿತ್ತಲಿನ ಶೆಡ್ಡಿನಲ್ಲಿ! ಜೊತೆಗೆ ಕೊಟ್ಟ ಪುರಾವೆ ಮಾತ್ರ ಅಸಲಿ, 1892ರ ಒಂದು ಹರಾಜಿನ ಕ್ಯಾಟಲಾಗು. ಅದರಲ್ಲಿ "ಈಜಿಪ್ಟಿನ ಮೂರ್ತಿಗಳು" ಎಂದು ಅಸ್ಪಷ್ಟವಾಗಿ ಬರೆದಿತ್ತು. ಇದೇ ಆ ಮೂರ್ತಿ ಎಂದು ಹೇಳಿಬಿಟ್ಟರು. ಪಹಣಿ ಅಸಲಿ, ಸರ್ವೆ ನಂಬರ್ ಬೇರೆ. ಕಾಗದ ಅಸಲಿಯಾ ಅನ್ನುವುದು ಒಂದು ಪ್ರಶ್ನೆ, ಈ ಕಾಗದ ಈ ವಸ್ತುವಿನದೇನಾ ಅನ್ನುವುದು ಬೇರೆಯೇ ಪ್ರಶ್ನೆ.

ಅಭ್ಯಾಸಕ್ಕೆ ಏನು ಮಾಡಬೇಕು? ವಸ್ತುವಿನ ತಳ ನೋಡಿ. ಅಗೆದವರು ಮಡಕೆಯ ಮೇಲೇ ಶಾಯಿಯಲ್ಲಿ ಗೋರಿಯ ನಂಬರ್ ಬರೆದಿರುತ್ತಾರೆ. ಹರಾಜಿನವರ ಚೀಟಿ ಅಂಟಿರುತ್ತದೆ. ಆ ನಂಬರ್ ಹಿಡಿದು ಉತ್ಖನನದ ದಾಖಲೆಗೆ ಹೋಗಿ. ಆಕ್ಸ್‌ಫರ್ಡಿನ ಗ್ರಿಫಿತ್ ಇನ್‌ಸ್ಟಿಟ್ಯೂಟ್ ತುತಾಂಖಾಮುನ್ ಗೋರಿಯ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಹೋವರ್ಡ್ ಕಾರ್ಟರ್ ಒಂದೊಂದು ವಸ್ತುವಿಗೂ ಬರೆದ ಕಾರ್ಡು, ಚಿತ್ರ, ಫೋಟೊ ಎಲ್ಲ ಇವೆ. ದಿನಕ್ಕೆ ಐದು ಕಾರ್ಡು ಓದಿ. ಒಳ್ಳೆಯ ದಾಖಲೆ ಅಂದರೆ ಹೇಗಿರುತ್ತದೆ ಎಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಸ್ತು ಮಾರಿಬಿಡಿ ಎಂದು ಆಡಳಿತದವರು ಒತ್ತಾಯಿಸುವ ದಿನವೂ ಬರಬಹುದು. 2014ರಲ್ಲಿ ನಾರ್ಥಾಂಪ್ಟನ್ ನಗರಸಭೆ ಸೆಖೆಮ್ಕಾ ಎಂಬ ಅಧಿಕಾರಿಯ ಮೂರ್ತಿಯನ್ನು 1.57 ಕೋಟಿ ಪೌಂಡಿಗೂ ಜಾಸ್ತಿಗೆ ಹರಾಜು ಹಾಕಿತು. ಅಲ್ಲಿನ ಮ್ಯೂಸಿಯಂ ತನ್ನ ಮಾನ್ಯತೆ ಕಳೆದುಕೊಂಡಿತು. ಐಕಾಮ್ ಎಂಬ ಅಂತರರಾಷ್ಟ್ರೀಯ ಮ್ಯೂಸಿಯಂ ಸಂಘಟನೆಯ ನೀತಿಸಂಹಿತೆಯನ್ನು ಒಮ್ಮೆ ಪೂರ್ತಿ ಓದಿಟ್ಟುಕೊಂಡಿರಿ, ಆ ದಿನ ಕೈಯಲ್ಲಿ ಏನಾದರೂ ಇರಬೇಕು.

ಹೆಜ್ಜೆ 8: ಲೇಬಲ್ ಬರೆಯುವುದು

ಅರವತ್ತು ಪದ. ಅಷ್ಟರಲ್ಲೇ ಎಲ್ಲ. ಉದಾಹರಣೆಗೆ ಮೆಂಫಿಸ್‌ನಲ್ಲಿ ಪೀಟ್ರಿಗೆ ಸಿಕ್ಕಂಥ ಒಂದು ಪುಟ್ಟ ಕಲ್ಲುಫಲಕ, ಅದರ ತುಂಬ ಬರೀ ಕಿವಿಗಳ ಕೆತ್ತನೆ. ಸಾಮಾನ್ಯವಾಗಿ ಬರೆಯುವುದು ಹೀಗೆ: "ಕರ್ಣ ಫಲಕ. ಸುಣ್ಣಕಲ್ಲು. ಹೊಸ ಸಾಮ್ರಾಜ್ಯ." ಯಾರು ನಿಂತು ಓದುತ್ತಾರೆ? ನಾನಾದರೆ ಹೀಗೆ ಬರೆಯುತ್ತೇನೆ: "ದೇವರೇ, ನನ್ನ ಮಾತು ಕೇಳು. ಪ್ತಾ ದೇವರಿಗೆ ಹರಕೆ ಹೊತ್ತವರು ಗುಡಿಯಲ್ಲಿ ಇಂಥ ಕಲ್ಲು ಇಡುತ್ತಿದ್ದರು. ಕಿವಿ ಜಾಸ್ತಿ ಇದ್ದಷ್ಟೂ ದೇವರಿಗೆ ಚೆನ್ನಾಗಿ ಕೇಳಿಸುತ್ತದೆ ಎಂದಿರಬಹುದು." ನಮ್ಮ ದೇವಸ್ಥಾನದಲ್ಲಿ ಬೆಳ್ಳಿಯ ಕಣ್ಣು ಒಪ್ಪಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯಲ್ಲಿ ಎಲ್ಲಿ ಸಿಕ್ಕಿತು, ಯಾವಾಗ, ಯಾರಿಂದ ಬಂತು ಎಂಬ ಒಂದು ಸಾಲು ಮರೆಯಬೇಡಿ.

ಮಮ್ಮಿಗಳ ವಿಷಯದಲ್ಲಿ ಮಾತು ಹಗುರಾಗಬಾರದು. ಅದು ವಸ್ತುವಲ್ಲ, ಸತ್ತ ಒಬ್ಬ ಮನುಷ್ಯ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಟಿಕೆಟ್ ಇಟ್ಟು ಜನರ ಮುಂದೆ ಬಟ್ಟೆ ಬಿಚ್ಚುತ್ತಿದ್ದರು. ಈಗ ಯಾರೂ ಬಿಚ್ಚುವುದಿಲ್ಲ, ಸಿಟಿ ಸ್ಕ್ಯಾನ್ ಮಾಡುತ್ತಾರೆ. 2021ರ ಏಪ್ರಿಲ್ 3ರಂದು ಕೈರೋದಲ್ಲಿ 22 ರಾಜರಾಣಿಯರ ಮಮ್ಮಿಗಳನ್ನು ಹೊಸ ಮ್ಯೂಸಿಯಂಗೆ ಸಾಗಿಸಿದಾಗ ಮೆರವಣಿಗೆ ಮಾಡಿ, ತೋಪು ಹಾರಿಸಿ ಗೌರವ ಕೊಟ್ಟರು. ಬ್ರಿಟನ್ನಿನ ಕೆಲವು ಮ್ಯೂಸಿಯಂಗಳು ಮಮ್ಮಿ ಎಂಬ ಪದವನ್ನೇ ಬಿಟ್ಟು "ಮಮ್ಮಿ ಮಾಡಲಾದ ವ್ಯಕ್ತಿ" ಎಂದು ಬರೆಯುತ್ತವೆ. ಪದದ ಬಗ್ಗೆ ನನಗೆ ಅಷ್ಟು ಹಟ ಇಲ್ಲ. ಹೆಸರು ಗೊತ್ತಿದ್ದರೆ ಹೆಸರು ಬರೆಯಿರಿ, ಅಷ್ಟು ಸಾಕು.

ಹೆಜ್ಜೆ 9: ಕೆಲಸ ಹುಡುಕುವುದು

ಹುದ್ದೆಗಳು ಬೆರಳೆಣಿಕೆ. ಈಜಿಪ್ಟಿನಲ್ಲಿ, ಅಂದರೆ 1902ರ ತಹ್ರೀರ್ ಚೌಕದ ಮ್ಯೂಸಿಯಂ ಇರಲಿ, 2025ರ ನವೆಂಬರಿನಲ್ಲಿ ಅಧಿಕೃತವಾಗಿ ತೆರೆದ ಗೀಜಾದ ಗ್ರ್ಯಾಂಡ್ ಈಜಿಪ್ಶಿಯನ್ ಮ್ಯೂಸಿಯಂ ಇರಲಿ, ಕ್ಯುರೇಟರ್‌ಗಳು ಈಜಿಪ್ಟಿನವರೇ, ಹಾಗಿರುವುದೇ ಸರಿ. ಹೊರಗಿನವರು ಉತ್ಖನನ ತಂಡದ ಸದಸ್ಯರಾಗಿ, ಅಲ್ಲಿನ ಸರ್ಕಾರದ ಅನುಮತಿ ಪಡೆದು ಹೋಗಬಹುದು. ಫ್ರಾನ್ಸಿನ ಸರ್ಕಾರಿ ಹುದ್ದೆಗೆ ಪ್ರತ್ಯೇಕ ಸ್ಪರ್ಧಾ ಪರೀಕ್ಷೆ, ಯುರೋಪಿನವರಲ್ಲದವರಿಗೆ ಆ ದಾರಿ ಕಷ್ಟ. ಜರ್ಮನಿಯಲ್ಲಿ ಫೊಲೊಂಟರಿಯಾಟ್ ಎಂಬ, ಸಾಮಾನ್ಯವಾಗಿ ಎರಡು ವರ್ಷದ ಸಂಬಳ ಸಹಿತ ತರಬೇತಿ ಇದೆ, ಓದು ಮುಗಿಸಿದವರಿಗೆ ಒಳ್ಳೆ ಬಾಗಿಲು. ಬ್ರಿಟನ್, ಅಮೆರಿಕದಲ್ಲಿ ಒಂದೆರಡು ವರ್ಷದ ತಾತ್ಕಾಲಿಕ ಪ್ರಾಜೆಕ್ಟ್ ಕ್ಯುರೇಟರ್ ಕೆಲಸದಿಂದ ಶುರು. ವೀಸಾ, ಬಾಡಿಗೆ, ಮತ್ತೆ ಅರ್ಜಿ, ಹೀಗೆ ಐದಾರು ವರ್ಷ ಸುತ್ತಬೇಕಾಗಬಹುದು. ಸಂಬಳ ಐಟಿಯವರು ಕೇಳಿದರೆ ನಗುವಷ್ಟು. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಭಾರತದ ಮ್ಯೂಸಿಯಂನಲ್ಲಿ ಈಗಾಗಲೇ ಕೆಲಸದಲ್ಲಿರುವವರಿಗೆ ಇನ್ನೊಂದು ದಾರಿ ಇದೆ. ಬ್ರಿಟಿಷ್ ಮ್ಯೂಸಿಯಂ 2006ರಲ್ಲಿ ಶುರುಮಾಡಿದ ಅಂತರರಾಷ್ಟ್ರೀಯ ತರಬೇತಿಗೆ ಭಾರತದವರೂ ಈಜಿಪ್ಟಿನವರೂ ಹೋಗಿದ್ದಾರೆ. ಅಲ್ಲಿ ಆದ ಪರಿಚಯ ಮುಂದೆ ವಸ್ತು ಎರವಲು ತರುವಾಗ ಉಪಯೋಗಕ್ಕೆ ಬರುತ್ತದೆ. ಐಕಾಮ್ ಒಳಗೆ ಈಜಿಪ್ಟ್ ಸಂಗ್ರಹ ನೋಡಿಕೊಳ್ಳುವವರದೇ ಒಂದು ಸಮಿತಿ ಇದೆ, ಸೈಪೆಗ್ ಅಂತ, ಅದಕ್ಕೂ ಸೇರಿಕೊಳ್ಳಿ.

ಕ್ಯುರೇಟರ್ ಹುದ್ದೆಯೊಂದಕ್ಕೇ ಅಂಟಿಕೊಳ್ಳಬೇಡಿ. ವಸ್ತುಗಳ ಓಡಾಟದ ಲೆಕ್ಕ ಇಡುವ ರಿಜಿಸ್ಟ್ರಾರ್, ಸಂಗ್ರಹ ನೋಡಿಕೊಳ್ಳುವ ಕಲೆಕ್ಷನ್ಸ್ ಮ್ಯಾನೇಜರ್, ಡಿಜಿಟಲ್ ಕ್ಯಾಟಲಾಗ್ ಮಾಡುವವರು, ಇವರಿಗೆ ಕೆಲಸ ಸಿಗುವುದು ಸ್ವಲ್ಪ ಸಲೀಸು, ವಸ್ತುವಿನ ಹತ್ತಿರವೂ ಇರುತ್ತಾರೆ.

ಸಂದರ್ಶನದಲ್ಲಿ ಕೆಲವು ಕಡೆ ಟೇಬಲ್ ಮೇಲೆ ಒಂದು ವಸ್ತು ಇಟ್ಟು ಹತ್ತು ನಿಮಿಷ ಮಾತಾಡಿ ಎನ್ನುತ್ತಾರೆ. ತಕ್ಷಣ ಕಾಲ, ದೊರೆ, ರಾಜವಂಶ ಅಂತ ಶುರುಮಾಡಬೇಡಿ. ಮುಟ್ಟಬಹುದಾ ಎಂದು ಕೇಳಿ. ಕೈ ಗ್ಲೌಸ್ ಬೇಕಾ ಕೇಳಿ. ಕೆಳಗೆ ಮೆತ್ತನೆ ಹಾಸು ಇದೆಯಾ ನೋಡಿ. ಆಮೇಲೆ ಎರಡೂ ಕೈಯಲ್ಲಿ ನಿಧಾನವಾಗಿ ತಿರುಗಿಸಿ ಮೊದಲು ತಳ ನೋಡಿ, ಅಲ್ಲಿ ಶಾಯಿಯ ನಂಬರ್ ಇದೆಯಾ ಅಂತ.